ವೇಟಿಂಗ್ ಪೀರಿಯಡ್ ಮುಗಿದ್ ಮ್ಯಾಲೆ ರೂಟ್ ಕೆನಾಲ್ ರೊಕ್ಕ ಬರತೈತೇನ್ರಿ?

ಓದುಗರ ಪ್ರಶ್ನೆ: ಗಂಗಾವತಿ ರೈಸ್ ಮಿಲ್‌ನಾಗ ಲೆಕ್ಕ ಬರಿಯೋ ಕೆಲಸ ನಂದು. ಹೋದ ವರ್ಷ ಮನಿಮಂದಿನೆಲ್ಲಾ ಸೇರಿಸಿ ಹೆಲ್ತ್ ಪಾಲಿಸಿ ಮಾಡಿಸೀನಿ. ಈಗ ದವಡಿ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಅಂದಾರ ಡಾಕ್ಟ್ರು. ಏಜೆಂಟ್‌ಗೆ ಫೋನ್ ಹಚ್ಚಿದ್ರ "ವೇಟಿಂಗ್ ಪೀರಿಯಡ್ ಐತಿ ಸರ್, ಸ್ವಲ್ಪ ತಡೀರಿ" ಅಂತಾನ. ಎಷ್ಟು ದಿನ ತಡೀಬೇಕ್ರಿ?

ಉತ್ತರ: ನಿಮ್ದು ಸಾದಾ ಹೆಲ್ತ್ ಪಾಲಿಸಿ ಆಗಿದ್ರ ತಡದೂ ಉಪಯೋಗಿಲ್ರಿ. ಏಜೆಂಟ್ ಎರಡು ಬ್ಯಾರೆ ಬ್ಯಾರೆ ಮಾತು ಒಂದರಾಗ ಕಲಸಿ ಹೇಳ್ಯಾನ. ವೇಟಿಂಗ್ ಅಂದ್ರ ಇವತ್ತು ಕೊಡಂಗಿಲ್ಲ, ಮುಂದ ಕೊಡ್ತೀವಿ ಅನ್ನೋದು. ಎಕ್ಸ್‌ಕ್ಲೂಷನ್ ಅಂದ್ರ ಯಾವತ್ತೂ ಕೊಡಂಗಿಲ್ಲ ಅನ್ನೋದು. ನಮ್ಮ ದೇಶದಾಗ ಬಹಳಷ್ಟು ಪಾಲಿಸಿಗಳೊಳಗ ಹಲ್ಲಿನ ಕೆಲಸ, ಅಂದ್ರ ಸಿಮೆಂಟ್ ತುಂಬೋದು, ರೂಟ್ ಕೆನಾಲ್, ಕ್ಯಾಪ್, ಕ್ಲೀನಿಂಗ್, ಹುಡುಗರಿಗೆ ಕ್ಲಿಪ್ ಹಾಕಸೋದು, ಇವೆಲ್ಲಾ ಎರಡನೇ ಗುಂಪಿನಾಗ ಬರ್ತಾವು, ಯಾಕಂದ್ರ ನೀವು ದವಾಖಾನಿಗೆ ಅಡ್ಮಿಟ್ ಆಗಂಗಿಲ್ಲ, ಕುರ್ಚಿ ಮ್ಯಾಲೆ ಕುಂತು ಬಾಯಿ ತೆಗದು ಒಂದು ತಾಸಿನಾಗ ಮನಿಗೆ ಬರ್ತೀರಿ, ಅದು ಓಪಿಡಿ ಲೆಕ್ಕ.

ಹಂಗಾದ್ರ ವೇಟಿಂಗ್ ಯಾವುದಕ್ಕ ಐತಿ? ಪಾಲಿಸಿ ಶುರು ಆದ ಮೊದಲ 30 ದಿನ ಆಕ್ಸಿಡೆಂಟ್ ಬಿಟ್ಟು ಯಾವ ರೋಗಕ್ಕೂ ಕ್ಲೇಮ್ ಇಲ್ಲ. ಆಮ್ಯಾಲೆ ಪಾಲಿಸಿಯೊಳಗ ಹೆಸರು ಹೇಳಿದ ಕೆಲವು ಕಾಯಿಲಿಗೆ ಬ್ಯಾರೆ ಅವಧಿ ಇರತೈತಿ. ಮೂರನೇದು ಮೊದಲಿಂದ ಇದ್ದ ಕಾಯಿಲಿದು. ಇದಕ್ಕ ಮೊದಲು 48 ತಿಂಗಳ ತನಕ ಕಾಯಿಸ್ತಿದ್ರು, 2024ರಾಗ ವಿಮಾ ಕಂಪನಿಗಳ ಮ್ಯಾಲೆ ನಿಗಾ ಇಡೋ ಐಆರ್‌ಡಿಎಐ ನಿಯಮ ಬದಲು ಮಾಡಿ 36 ತಿಂಗಳಿಗಿಂತ ಜಾಸ್ತಿ ಇಡಬಾರದು ಅಂದೈತಿ. ಪಾಲಿಸಿ ತಗೊಳ್ಳೋ ಮೊದಲಿನ 36 ತಿಂಗಳೊಳಗ ಡಾಕ್ಟ್ರು ಪತ್ತೆ ಹಚ್ಚಿದ್ದೋ, ಸಲಹೆ ಕೊಟ್ಟಿದ್ದೋ, ಚಿಕಿತ್ಸೆ ಮಾಡಿದ್ದೋ ಇದ್ರ ಅದು "ಮೊದಲಿಂದ ಇದ್ದದ್ದು" ಅಂತ ಲೆಕ್ಕ. ಪಾಲಿಸಿಗಿಂತ ಮೊದಲು ಹಲ್ಲಿನ ಎಕ್ಸ್‌ರೇ ತಗಿಸಿದ್ರ ಅದರ ಮ್ಯಾಲಿನ ತಾರೀಖು ಇಲ್ಲಿ ನಿಮ್ಮ ವಿರುದ್ಧ ಸಾಕ್ಷಿ ಹೇಳತೈತಿ, ಅದನ್ನ ಮುಚ್ಚಿಡೋಕ ಹೋಗಬ್ಯಾಡ್ರಿ, ಫಾರ್ಮ್‌ನಾಗ ಸುಳ್ಳು ಬರದ್ರ ನಾಳೆ ಹೃದಯದ ಆಪರೇಷನ್ ಕ್ಲೇಮ್‌ಗೂ ತಕರಾರು ತಗೀತಾರ.

ಹಲ್ಲಿಗೆ ರೊಕ್ಕ ಬರೋ ದಾರಿ ಇಲ್ಲೇ ಇಲ್ಲ ಅಂತಲ್ಲ. ರಾತ್ರಿ ಸಿಂಧನೂರು ರೋಡಿನಾಗ ಬೈಕ್ ಸ್ಕಿಡ್ ಆಗಿ ದವಡಿ ಮುರಿದು ಅಡ್ಮಿಟ್ ಆದ್ರಿ ಅಂದ್ಕೋರಿ, ಆಕ್ಸಿಡೆಂಟ್ ಆಗಿದ್ದಕ್ಕ ಸಾಮಾನ್ಯವಾಗಿ ಮೊದಲ ದಿನದಿಂದಾನೇ ಕವರ್ ಸಿಗತೈತಿ, ಕುಡದು ಗಾಡಿ ಓಡಿಸಿರಬಾರದು ಅಷ್ಟ. ಆರೋಗ್ಯ ಸಂಜೀವಿನಿ ಅಂತ ಬಹಳಷ್ಟು ಕಂಪನಿಯವರು ಮಾರೋ ಪಾಲಿಸಿಯೊಳಗ ರೋಗ ಇಲ್ಲಾ ಗಾಯದಿಂದ ಬೇಕಾದ ಹಲ್ಲಿನ ಚಿಕಿತ್ಸೆನೂ ಸೇರೈತಿ, ಆದ್ರ ಅದೂ ಅಡ್ಮಿಟ್ ಆದಾಗಿನ ಖರ್ಚಿನ ಪಟ್ಟಿಯೊಳಗೇ ಬರತೈತಿ. ಇನ್ನು ಪಾಲಿಸಿಗೆ ಜೋಡಿಸೋ ಓಪಿಡಿ ರೈಡರ್ ಅಂತ ಹೆಚ್ಚಿಗೆ ಪ್ರೀಮಿಯಂ ಕಟ್ಟಿ ತಗೋಬಹುದು, ನಿಜವಾದ "ಹಲ್ಲಿನ ವೇಟಿಂಗ್" ಕಾಣೋದು ಅಲ್ಲೇ. ಕೆಲವರು ಕೆಲವೇ ತಿಂಗಳಂತಾರ, ಕೆಲವರು ಮೂರು ವರ್ಷ ಬಿಟ್ಟಿಲ್ದಂಗ ರಿನ್ಯೂ ಮಾಡಿದ ಮ್ಯಾಲೆ ಇಷ್ಟು ರೂಪಾಯಿ ಅಂತ ಕೊಡ್ತಾರ. ನನಗಂತೂ ಒಂದೇ ಹಲ್ಲಿನ ಸಲುವಾಗಿ ರೈಡರ್ ತಗೊಳ್ಳೋದು ಲಾಭ ಅನ್ಸಂಗಿಲ್ಲ, ಕಟ್ಟಿದ್ದಕ್ಕ ಬಂದದ್ದು ಸರಿಹೋದ್ರ ದೊಡ್ಡದು.

ಗೂಗಲ್‌ನಾಗ ಹುಡುಕಿದ್ರ ಕ್ಲೀನಿಂಗ್‌ಗೆ ವೇಟಿಂಗ್ ಇಲ್ಲ, ಫಿಲ್ಲಿಂಗ್‌ಗೆ ಆರು ತಿಂಗಳು, ಕ್ಯಾಪಿಗೆ ಒಂದು ವರ್ಷ ಅಂತ ಚಂದದ ಪಟ್ಟಿ ಸಿಗತೈತಿ. ಅದು ಅಮೆರಿಕದ್ದು, ಅಲ್ಲಿ ಹಲ್ಲಿಗೇ ಬ್ಯಾರೆ ಪಾಲಿಸಿ ಮಾರ್ತಾರ, ಅದನ್ನ ತಂದು ಏಜೆಂಟ್ ಮುಂದ ಇಟ್ಟು ಜಗಳ ಮಾಡಬ್ಯಾಡ್ರಿ.

ನಮ್ಮ ಕಡೆದು ಇನ್ನೊಂದು ಐತಿ. ಕೊಪ್ಪಳ, ರಾಯಚೂರು, ಬಳ್ಳಾರಿ ಹಳ್ಳಿಗಳ ಬೋರ್ ನೀರಿನಾಗ ಬಹಳ ಕಡೆ ಫ್ಲೋರೈಡ್ ಜಾಸ್ತಿ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಐತಿ, ಅದನ್ನ ದಾಟಿದ ನೀರು ಕುಡದು ಬೆಳದ ಹುಡುಗರ ಹಲ್ಲಿನ ಮ್ಯಾಲೆ ಕಂದು ಗೆರಿ ಬಿದ್ದಿರ್ತಾವು. ಮದುವಿ ಮಾತುಕತಿ ಶುರು ಆದಾಗ ಅದನ್ನ ಬೆಳ್ಳಗ ಮಾಡಸೋಕ ಓಡಾಡ್ತಾರ. ಅದನ್ನ ಕಂಪನಿಯವರು ಕಾಸ್ಮೆಟಿಕ್, ಅಂದ್ರ ಬರೇ ಚಂದಕ್ಕ ಮಾಡಸೋದು ಅಂತಾರ, ವೇಟಿಂಗ್ ಮುಗಿದ್ರೂ ರೊಕ್ಕ ಬರಂಗಿಲ್ಲ. ತಪ್ಪು ನೀರಿಂದು, ಖರ್ಚು ಮನಿಯವರದು, ಏನು ಮಾಡ್ತೀರಿ.

ಈಗ ನಿಮ್ಮ ವಿಷಯ. ಪಗಾರ ತಿಂಗಳಿಗೆ 21,000 ರೂಪಾಯಿಯೊಳಗ ಇದ್ದು ಮಿಲ್‌ನವರು ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಕಡಿತಿದ್ರ ಮೊದಲು ಅಲ್ಲಿ ವಿಚಾರಿಸ್ರಿ, ಅಲ್ಲಿ ಸಾದಾ ಚಿಕಿತ್ಸೆಗೆ ಕೆಲಸಕ್ಕ ಸೇರಿದ ದಿನದಿಂದಾನೇ ಹಕ್ಕು ಇರತೈತಿ. ಇಲ್ಲಾಂದ್ರ ಬಳ್ಳಾರಿ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋಗಿ ತೋರಸ್ರಿ, ಪ್ರೈವೇಟ್‌ಗಿಂತ ಕಡಿಮಿ ಖರ್ಚಿನಾಗ ಆಗತೈತಿ, ಆದ್ರ ಪಾಳಿ ಹಚ್ಚಬೇಕು, ಎರಡು ಮೂರು ಸಲ ಬಸ್ ಹತ್ತಬೇಕು. ಹುಳುಕು ಮಾತ್ರ ಪಾಲಿಸಿ ತಾರೀಖು ನೋಡ್ಕೋತ ಕೂಡಂಗಿಲ್ಲ, ತಡ ಆದಷ್ಟೂ ಬೇರಿನ ತನಕ ಕೀವು ಇಳಿದು ಹಲ್ಲು ಕೀಳಸೋ ಹಂತಕ್ಕ ಬರತೈತಿ.

ಪಾಲಿಸಿ ಬದಲಸೋ ವಿಚಾರ ಇದ್ರ ಹಳೇದನ್ನ ಬಿಟ್ಟು ಹೊಸದು ಮಾಡಸಬ್ಯಾಡ್ರಿ, ರಿನ್ಯೂವಲ್ ತಾರೀಖಿಗೆ 45 ದಿನ ಮೊದಲೇ ಪೋರ್ಟ್ ಅರ್ಜಿ, ಅಂದ್ರ ಪಾಲಿಸಿನ ಇನ್ನೊಂದು ಕಂಪನಿಗೆ ದಾಟಿಸೋ ಅರ್ಜಿ ಹಾಕ್ರಿ, ಆಗ ಕಾದಷ್ಟು ಕಾಲ ನಿಮ್ಮ ಲೆಕ್ಕಕ್ಕೇ ಇರತೈತಿ. ಏಜೆಂಟ್‌ಗೆ "ಹಲ್ಲಿನ ಓಪಿಡಿ ನನ್ನ ಪಾಲಿಸಿಯ ಯಾವ ಪುಟದಾಗ ಐತಿ, ಫೋಟೋ ಹೊಡದು ವಾಟ್ಸಾಪ್ ಮಾಡಪಾ" ಅಂತ ಕೇಳ್ರಿ, ಬಾಯಿಮಾತಿನ ಉತ್ತರ ತಗೋಬ್ಯಾಡ್ರಿ.