ವಿಶ್ವವಿದ್ಯಾಲಯದ ತಾಣಕ್ಕೇ ಯಾಕಿಷ್ಟು ಸ್ಪ್ಯಾಮ್?

ಪ್ರಶ್ನೆ: ನಮ್ಮ ವಿಭಾಗದ ತಾಣದಲ್ಲಿ ಹೊರಗಿನವರೂ ಪ್ರತಿಕ್ರಿಯೆ ಬರೆಯಲಿ ಎಂದು ಒಂದು ಫಾರ್ಮ್ ಇಟ್ಟಿದ್ದೇವೆ. ಬರುವುದೆಲ್ಲ ಮಾತ್ರೆ, ಜೂಜು, ಸಾಲದ ಜಾಹೀರಾತು. ಕ್ಯಾಪ್ಚಾ ಹಾಕಿದರೆ ನಿಲ್ಲುತ್ತದೆಯೇ?

ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಕ್ಯಾಪ್ಚಾ, ಅಂದರೆ ಬರೆಯುವವರು ಮನುಷ್ಯರೇ ಎಂದು ನೋಡುವ ಪರೀಕ್ಷೆ, ಅದರ ವಿಷಯಕ್ಕೆ ಆಮೇಲೆ ಬರೋಣ.

ಇದನ್ನೆಲ್ಲ ನಿಮ್ಮ ಓದುಗರು ಓದಲಿ ಎಂದು ಯಾರೂ ಹಾಕುತ್ತಿಲ್ಲ, ಸರ್ಚ್ ಎಂಜಿನ್ ಓದಲಿ ಎಂದು ಹಾಕುತ್ತಾರೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಗೂಗಲ್ ಶುರು ಮಾಡಿದಾಗ ಅದರ ಲೆಕ್ಕಾಚಾರ ಇಷ್ಟೇ: ತೂಕದ ಪುಟಗಳಿಂದ ಯಾವ ಪುಟಕ್ಕೆ ಲಿಂಕ್ ಇದೆಯೋ ಅದಕ್ಕೂ ತೂಕ. ವಿಶ್ವವಿದ್ಯಾಲಯದ ತಾಣಕ್ಕೆ ಊರೆಲ್ಲ ಲಿಂಕ್ ಕೊಟ್ಟಿರುತ್ತದೆ, ಹಾಗಾಗಿ ಅಲ್ಲಿಂದ ಒಂದು ಲಿಂಕ್ ಸಿಕ್ಕರೆ ಮಾತ್ರೆ ಮಾರುವವನಿಗೆ ಹಬ್ಬ. ಇಂಥ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ 'ನೋಫಾಲೋ' ಗುರುತನ್ನು 2005ರ ಜನವರಿಯಲ್ಲೇ ತಂದರು. ಸ್ಪ್ಯಾಮ್ ಮಾತ್ರ ನಿಲ್ಲಲಿಲ್ಲ. ಕಳಿಸಲು ಖರ್ಚೇ ಇಲ್ಲದಿರುವಾಗ, ಎಲ್ಲಿ ಫಲ ಇದೆ ಎಂದು ವಿಚಾರಿಸುವ ಗೋಜಿಗೆ ಬಾಟ್, ಅಂದರೆ ತಾನಾಗಿ ಫಾರ್ಮ್ ತುಂಬುವ ಪ್ರೋಗ್ರಾಂ, ಯಾಕೆ ಹೋದೀತು?

ಸೊಗಸಾದ ಮೋಸವೆಂದರೆ ಹೊಗಳಿಕೆ. "ಬಹಳ ಉಪಯುಕ್ತ ಮಾಹಿತಿ, ಹೀಗೇ ಬರೆಯುತ್ತಿರಿ" ಎಂದಷ್ಟೇ ಇರುತ್ತದೆ, ಲಿಂಕ್ ಇಲ್ಲ. ಖುಷಿಯಾಗಿ ಒಪ್ಪಿಗೆ ಕೊಡುತ್ತೀರಿ. ಒಮ್ಮೆ ಒಪ್ಪಿಗೆ ಪಡೆದವರ ಮುಂದಿನ ಬರಹ ತಾನಾಗಿ ಪ್ರಕಟವಾಗುವಂತೆ, ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ಅದು ಆನ್ ಆಗಿದ್ದರೆ ಎರಡನೇ ಸಲ ಜೂಜಿನ ಲಿಂಕ್ ಸೀದಾ ಒಳಗೆ. ಹೊಗಳಿಕೆಯಲ್ಲಿ ನಿಮ್ಮ ಲೇಖನದ ಒಂದು ಪದವೂ ಇಲ್ಲವಾದರೆ ಹೆಸರಿನ ಜಾಗ ನೋಡಿ. ಅಲ್ಲಿ 'ಅಗ್ಗದ ಸಾಲ' ಎಂಬ ಮಹಾಶಯರು ಕೂತಿರುತ್ತಾರೆ.

ತಡೆಗೆ ನಾನು ಮೊದಲು ಮಾಡುವ ಕೆಲಸ, ಹಳೆಯ ಪುಟಗಳಲ್ಲಿ ಪ್ರತಿಕ್ರಿಯೆಗೆ ಬಾಗಿಲು ಹಾಕುವುದು. ಮೂರು ವರ್ಷದ ಹಿಂದಿನ ವಿಚಾರಸಂಕಿರಣದ ಪ್ರಕಟಣೆಯನ್ನು ಈಗ ಯಾರೂ ನೋಡುವುದಿಲ್ಲ, ಬಾಟ್‌ಗೆ ಬೇಕಾಗಿರುವುದೂ ಅದೇ. ಆಮೇಲೆ, ಎರಡು ಲಿಂಕ್ ಇದ್ದರೆ ತಡೆಹಿಡಿಯುವ ನಿಯಮ.

ನನಗೆ ಇಷ್ಟವಾದ ಉಪಾಯ ಬೋನು. ಫಾರ್ಮಿನಲ್ಲಿ ಒಂದು ಖಾನೆ ಹೆಚ್ಚಿಗೆ ಇಟ್ಟು ಅದನ್ನು ಕಣ್ಣಿಗೆ ಕಾಣದಂತೆ ಮರೆಮಾಡುವುದು. ಮನುಷ್ಯರಿಗೆ ಕಾಣದ್ದರಿಂದ ತುಂಬುವುದಿಲ್ಲ. ಕೋಡ್ ಓದುವ ಬಾಟ್ ಸಿಕ್ಕ ಖಾನೆಯನ್ನೆಲ್ಲ ತುಂಬಿ ಸಿಕ್ಕಿಬೀಳುತ್ತದೆ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷದವರಿಗೆ ಆ ಖಾನೆ ಕೇಳಿಸಬಹುದು, ಅದಕ್ಕೆ 'ಇದನ್ನು ಖಾಲಿ ಬಿಡಿ' ಎಂದು ಹೆಸರಿಡಿ. ಬ್ರೌಸರ್ ತಾನೇ ತುಂಬದಂತೆ ಆಟೋಫಿಲ್ ಅನ್ನೂ ಆಫ್ ಮಾಡಿ.

ನಿಷೇಧಿತ ಪದಗಳ ಪಟ್ಟಿ ಮಾಡುವಾಗ ಎಚ್ಚರ. ಇಂಗ್ಲಿಷಿನಲ್ಲಿ ಬರೆದ 'ಸೋಷಿಯಲಿಸ್ಟ್', 'ಸ್ಪೆಷಲಿಸ್ಟ್' ಎರಡರ ಹೊಟ್ಟೆಯಲ್ಲೂ 'ಸಿಯಾಲಿಸ್' ಎಂಬ ಮಾತ್ರೆಯ ಹೆಸರಿನ ಅಕ್ಷರಗಳು ಸಾಲಾಗಿ ಕೂತಿವೆ. ಪದದೊಳಗಿನ ಪದವನ್ನೂ ಹಿಡಿಯುವ ಫಿಲ್ಟರ್ ಇದ್ದರೆ ರಾಜ್ಯಶಾಸ್ತ್ರ ವಿಭಾಗದ ಚರ್ಚೆಯೇ ಬಂದ್!

ಇನ್ನು ಕ್ಯಾಪ್ಚಾ. ಈ ಹೆಸರು ಹುಟ್ಟಿದ್ದೂ ವಿಶ್ವವಿದ್ಯಾಲಯದಲ್ಲೇ, ಕಾರ್ನೆಗಿ ಮೆಲನ್‌ನ ಸಂಶೋಧಕರು ಇಟ್ಟದ್ದು. ಸೊಟ್ಟ ಅಕ್ಷರ ಓದಲು ಯಂತ್ರಕ್ಕೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಪರೀಕ್ಷೆ ಅದು. ಈಗ ಯಂತ್ರಕ್ಕೂ ಬರುತ್ತದೆ. ಬರದಿದ್ದರೆ ಪುಡಿಗಾಸಿಗೆ ಬಿಡಿಸಿಕೊಡುವ ಜನರಿದ್ದಾರೆ. ಒದ್ದಾಡುವವರು ಕಣ್ಣು ಮಂಜಾದ ನಿವೃತ್ತ ಪ್ರಾಧ್ಯಾಪಕರು. ಹಾಗಾಗಿ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕ್ಯಾಂಪಸ್ಸಿನವರು ಮಾತ್ರ ಬರೆದರೆ ಸಾಕು ಎಂದಾದರೆ ವಿಶ್ವವಿದ್ಯಾಲಯದ ಲಾಗಿನ್ ಕಡ್ಡಾಯ ಮಾಡಿ, ತಲೆನೋವು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಐಪಿ ವಿಳಾಸ (ಅಂತರ್ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಬ್ಲಾಕ್ ಮಾಡಲು ಹೊರಡುವ ಮುನ್ನ ಗಣಕ ಕೇಂದ್ರದವರನ್ನು ಒಂದು ಮಾತು ಕೇಳಿ. ವಿಶ್ವವಿದ್ಯಾಲಯದ ಸರ್ವರ್ ಪ್ರಾಕ್ಸಿಯ, ಅಂದರೆ ನಡುವೆ ನಿಂತು ದಾಟಿಸುವ ಇನ್ನೊಂದು ಸರ್ವರಿನ, ಹಿಂದೆ ಇದ್ದು, ಅದನ್ನು ಸರಿಯಾಗಿ ಹೊಂದಿಸಿರದಿದ್ದರೆ, ಬಂದವರೆಲ್ಲರ ವಿಳಾಸ ಒಂದೇ ಆಗಿ ಕಾಣುತ್ತದೆ. ಅದನ್ನು ಬ್ಲಾಕ್ ಮಾಡಿದಿರೋ, ಬಾಟ್ ಜೊತೆಗೆ ನಿಮ್ಮ ವಿದ್ಯಾರ್ಥಿಗಳೂ ಹೊರಗೆ, ನೀವೂ ಹೊರಗೆ.