ಮಾತ್ಸು: ದೇವಿಯೋ, ಮರವೋ?

ಓದುಗರ ಪ್ರಶ್ನೆ: ಜಪಾನಿನ ಹಳೆಯ ಲ್ಯಾಕರ್ ಪೆಟ್ಟಿಗೆಯೊಂದರ ಚಿತ್ರ ನೋಡಿದೆ. ಕಪ್ಪು ಮುಚ್ಚಳದ ಮೇಲೆ ಚಿನ್ನದ ಪುಡಿಯಲ್ಲಿ ಸಮುದ್ರದ ಅಲೆಗಳು, ದಡದಲ್ಲಿ ಬಾಗಿದ ಪೈನ್ ಮರಗಳು, ಒಂದು ಕಮಾನು ಸೇತುವೆ, ಗುಡಿಯ ಹೆಬ್ಬಾಗಿಲು. ಮನುಷ್ಯರು ಒಬ್ಬರೂ ಇಲ್ಲ. ಚೀನಾದ ಸಮುದ್ರ ದೇವತೆಯ ಹೆಸರು ಮಾತ್ಸು ಎಂದು ಓದಿದ್ದೆ. ಜಪಾನಿ ಭಾಷೆಯಲ್ಲಿ ಪೈನ್ ಮರಕ್ಕೂ ಮಾತ್ಸು ಎನ್ನುತ್ತಾರಂತೆ. ಹಾಗಾದರೆ ಪೈನ್ ಮರ ಆ ದೇವಿಯ ಗುರುತೇ?

ಅಲ್ಲ. ಈ ಎರಡು ಹೆಸರುಗಳು ಒಂದಾಗಿ ಕಾಣುವುದು ರೋಮನ್ ಲಿಪಿಯಲ್ಲಿ ಮಾತ್ರ. ದೇವಿಯ ಹೆಸರನ್ನು ಚೀನೀಯರು ಹೆಚ್ಚುಕಡಿಮೆ ‘ಮಾಜು’ ಎಂದು ಉಚ್ಚರಿಸುತ್ತಾರೆ. ಅದರಲ್ಲಿರುವುದು ‘ತಾಯಿ’, ‘ಹಿರಿಯಳು’ ಎಂಬರ್ಥದ ಎರಡು ಅಕ್ಷರಗಳು. ಹಳೆಯ ರೋಮನ್ ಬರವಣಿಗೆಯ ಪದ್ಧತಿಯಲ್ಲಿ ಅದು ‘ಮಾತ್ಸು’ ಆಯಿತು. ಜಪಾನಿನ ಮರದ ಹೆಸರು ‘ಮತ್ಸು’, ಮೊದಲಕ್ಷರ ಹ್ರಸ್ವ. ಬರೆಯುವ ಅಕ್ಷರವೂ ಬೇರೆ. ಇದೇ ದೇವಿಯನ್ನು ಜಪಾನೀಯರು ಕರೆಯುವುದು ‘ಮಾಸೊ’ ಎಂದು. ಮರದ ಹೆಸರಿಗೂ ಅದಕ್ಕೂ ನಂಟಿಲ್ಲ. ನಮ್ಮ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದರೆ ಗೊಂದಲವೇ ಹುಟ್ಟುವುದಿಲ್ಲ.

ಆದರೂ ನಿಮ್ಮ ಕಣ್ಣು ಹಿಡಿದದ್ದು ನಿಜವಾದ ಸಂಗತಿಯನ್ನೇ. ಜಪಾನಿನ ಚಿತ್ರಗಳಲ್ಲಿ ಸಮುದ್ರದ ಗುಡಿ ಬಂದಲ್ಲಿ ಪೈನ್ ಮರ ಬಂದೇ ಬರುತ್ತದೆ ಎನ್ನುವಷ್ಟು ಇವೆರಡೂ ಹೊಂದಿಕೊಂಡಿವೆ. ಮಾಜುವಿನ ನಾಡಿನಲ್ಲಿ ಹಾಗಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ.

ಮೊದಲು ಮಾಜು. ಕ್ರಿ.ಶ. 960ರಲ್ಲಿ ಫುಜಿಯಾನ್ ಕರಾವಳಿಯ ಮೇಯ್‌ಜೌ ದ್ವೀಪದಲ್ಲಿ ಲಿನ್ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು ಇವಳು ಎಂದು ಪರಂಪರೆ ಹೇಳುತ್ತದೆ. ಹುಟ್ಟಿದಾಗ ಅಳಲಿಲ್ಲವಂತೆ. ಅದಕ್ಕೇ ‘ಮೌನದ ಹುಡುಗಿ’ ಎಂಬರ್ಥದ ಮೋನಿಯಾಂಗ್ ಎಂಬ ಹೆಸರು. ಅಪ್ಪನೂ ಅಣ್ಣಂದಿರೂ ಬಿರುಗಾಳಿಗೆ ಸಿಕ್ಕಿದ್ದಾಗ ಮಗ್ಗದ ಮುಂದೆ ಕುಳಿತಲ್ಲೇ ಮೈಮರೆತು, ಆತ್ಮದಿಂದಲೇ ಸಮುದ್ರಕ್ಕೆ ಹೋಗಿ ಅವರನ್ನು ಎತ್ತಿದಳು ಎಂಬ ಕಥೆಯಿದೆ. ಕಥೆಯ ಒಂದು ರೂಪದಲ್ಲಿ ಅಮ್ಮ ಅವಳನ್ನು ಅಲುಗಾಡಿಸಿ ಎಬ್ಬಿಸುತ್ತಾಳೆ, ಹಿಡಿದಿದ್ದವರಲ್ಲಿ ಒಬ್ಬ ಕೈಜಾರಿ ಮುಳುಗುತ್ತಾನೆ. ಕಡಲಿಗೆ ಹೋದವರ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಕಥೆ ಇದು. 987ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡವಳು ಮೀನುಗಾರರ ದೇವರಾದಳು. ಆಮೇಲೆ ಚಕ್ರವರ್ತಿಗಳು ಒಂದೊಂದಾಗಿ ಬಿರುದು ಕೊಡುತ್ತ ಹೋಗಿ ‘ಸ್ವರ್ಗದ ರಾಣಿ’ಯೂ ಆದಳು.

ಅವಳ ಶಕ್ತಿ ನಮ್ಮ ಕಡಲಿನವರೆಗೂ ಬಂದಿತ್ತು ಎನ್ನಬಹುದು. ನೌಕಾಧಿಪತಿ ಜಂಗ್ ಹ 1431ರಲ್ಲಿ ಫುಜಿಯಾನಿನ ಚಾಂಗ್‌ಲ ಎಂಬಲ್ಲಿ ಒಂದು ಶಿಲಾಶಾಸನ ನಿಲ್ಲಿಸಿದ. ಕಲ್ಲಿಕೋಟೆ ಸೇರಿದಂತೆ ದೂರದೇಶಗಳಿಗೆ ಮಾಡಿದ ಯಾನಗಳನ್ನು ಅದರಲ್ಲಿ ಹೇಳಿ, ಅಲೆಗಳ ನಡುವೆ ಕಾಪಾಡಿದವಳು ಈ ದೇವಿ ಎಂದು ಕೃತಜ್ಞತೆ ಸಲ್ಲಿಸಿದ್ದಾನೆ.

ಮಾಜುವಿನ ಗುಡಿಯ ನೋಟವನ್ನು ನೆನಪಿಗೆ ತಂದುಕೊಳ್ಳಿ. ಬಾನಕ್ಕಿಯ ಬಾಲದಂತೆ ಎರಡೂ ತುದಿಯಲ್ಲಿ ಮೇಲೆದ್ದ ಮಾಡಿನ ಏಣು, ಅದರ ಮೇಲೆ ಪಿಂಗಾಣಿ ಚೂರುಗಳಿಂದ ಕಟ್ಟಿದ ಬಣ್ಣಬಣ್ಣದ ಡ್ರ್ಯಾಗನ್‌ಗಳು, ಊದುಬತ್ತಿಯ ಹೊಗೆಗೆ ಕಪ್ಪಾದ ದೇವಿಯ ಮುಖ. ಅಕ್ಕಪಕ್ಕದಲ್ಲಿ ಇಬ್ಬರು ರಾಕ್ಷಸ ಸೇವಕರು, ಒಬ್ಬ ಸಾವಿರ ಹರಿದಾರಿ ಕಾಣುವ ಕಣ್ಣಿನವನು, ಇನ್ನೊಬ್ಬ ಗಾಳಿಯಲ್ಲಿ ಬಂದ ಸದ್ದನ್ನೆಲ್ಲ ಕೇಳುವ ಕಿವಿಯವನು. ಅವಳನ್ನು ಗುರುತಿಸುವುದು ಇವರಿಂದ. ಪೈನ್ ಮರ ಆ ಚಿತ್ರದಲ್ಲಿ ಎಲ್ಲೂ ಕಡ್ಡಾಯವಲ್ಲ.

ಹಾಗೆಂದು ಚೀನಾದ ಕಲೆಯಲ್ಲಿ ಪೈನ್ ಇಲ್ಲವೆಂದಲ್ಲ. ಬೇಕಾದಷ್ಟಿದೆ, ಆದರೆ ಅದು ಬೆಟ್ಟದ ಮರ. ಚಳಿ ಬಿದ್ದಾಗಲೇ ಪೈನ್ ಮತ್ತು ಸೈಪ್ರೆಸ್ ಮರಗಳ ಬೆಲೆ ತಿಳಿಯುವುದು, ಅವು ಕೊನೆಯವರೆಗೂ ಎಲೆ ಉದುರಿಸುವುದಿಲ್ಲ ಎಂಬ ಮಾತು ಕನ್‌ಫ್ಯೂಷಿಯಸ್‌ನ ಹೆಸರಿನಲ್ಲಿ ಬಂದಿದೆ. ಹಾಗಾಗಿ ಪೈನ್ ಎಂದರೆ ಕಷ್ಟದಲ್ಲೂ ಬಾಗದ ಪಂಡಿತ, ದೀರ್ಘಾಯುಷಿ. ಲಿ ತಾಂಗ್ 1124ರಲ್ಲಿ ಬರೆದ ದೊಡ್ಡ ಚಿತ್ರವೊಂದು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಕೊಡಲಿಯಿಂದ ಕಡಿದಂತಿರುವ ಬಂಡೆಗಳು, ಕಣಿವೆ, ತೊರೆ, ಅವುಗಳ ನಡುವೆ ದಟ್ಟ ಪೈನ್ ಕಾಡು. ಅಲ್ಲಿ ಗಾಳಿಯಿದೆ, ಉಪ್ಪಿಲ್ಲ.

ಪೈನ್ ಸಮುದ್ರದ ದಡಕ್ಕೆ ಇಳಿದದ್ದು ಜಪಾನಿನಲ್ಲಿ, ಮತ್ತು ಅದಕ್ಕೆ ಮೊದಲ ಕಾರಣ ಕಲೆಯಲ್ಲ, ಮಣ್ಣು. ‘ಕುರೊಮತ್ಸು’ ಎಂಬ ಕಪ್ಪು ಪೈನ್ ಉಪ್ಪುಗಾಳಿಗೂ ಬರೀ ಮರಳಿಗೂ ಜಗ್ಗದೆ ಬೆಳೆಯುತ್ತದೆ. ಗಾಳಿ ತಡೆಯಲು, ಮರಳು ಹೊಲಗಳಿಗೆ ನುಗ್ಗದಂತೆ ನೋಡಿಕೊಳ್ಳಲು ಅಲ್ಲಿನ ಜನ ಅದನ್ನು ದಡದುದ್ದಕ್ಕೂ ನೆಟ್ಟರು. ಕ್ಯೂಷು ದ್ವೀಪದ ಕರತ್ಸುವಿನಲ್ಲಿ 17ನೇ ಶತಮಾನದ ಆರಂಭದಲ್ಲಿ ಅಲ್ಲಿನ ಒಡೆಯ ನೆಡಿಸಿದ ಪೈನ್ ತೋಪು ಇಂದಿಗೂ ಸುಮಾರು 4.5 ಕಿಲೋಮೀಟರ್ ಉದ್ದಕ್ಕೆ ನಿಂತಿದೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರವಾರದಿಂದ ಕೆಳಗೆ ಕಡಲಂಚಿನಲ್ಲಿ ಗಾಳಿಮರ ಮಾಡುವ ಕೆಲಸವೇ ಅದು. (ದೂರದಿಂದ ನೋಡಿದವರು ಗಾಳಿಮರವನ್ನೇ ಪೈನ್ ಎಂದುಕೊಳ್ಳುವುದುಂಟು, ಅವು ಬೇರೆ ಕುಲದ ಮರಗಳು. ಪೈನನ್ನು ‘ದೇವದಾರು’ ಎಂದು ಅನುವಾದಿಸುವುದೂ ತಪ್ಪು. ದೇವದಾರು ಹಿಮಾಲಯದ ಬೇರೊಂದು ಮರ.)

ಎರಡನೆಯ ಕಾರಣ ನಂಬಿಕೆ. ಜಪಾನಿನ ದೇವರುಗಳು ಒಂದೇ ಕಡೆ ಕೂತಿರುವವರಲ್ಲ, ಕರೆದಾಗ ಬಂದು ಇಳಿಯುವವರು. ಇಳಿಯಲು ಅವರಿಗೊಂದು ನೆಲೆ ಬೇಕು, ಎತ್ತರದ ನಿತ್ಯಹಸಿರು ಮರವಾದರೆ ಒಳ್ಳೆಯದು. ಹೊಸವರ್ಷಕ್ಕೆ ಮನೆಬಾಗಿಲಲ್ಲಿ ಪೈನ್ ಕೊಂಬೆ ನಿಲ್ಲಿಸುವುದು ವರ್ಷದ ದೇವರನ್ನು ಬರಮಾಡಿಕೊಳ್ಳಲಿಕ್ಕೆ. ನೋಹ್ ಎಂಬ ಜಪಾನಿನ ಹಳೆಯ ನಾಟಕಪ್ರಕಾರದ ರಂಗಮಂಚದ ಹಿಂಗೋಡೆಯಲ್ಲಿ ಯಾವ ನಾಟಕವೇ ಆಗಲಿ ಒಂದೇ ಚಿತ್ರ, ಒಂದು ಮುದಿ ಪೈನ್ ಮರ. ನಾರಾ ನಗರದ ಕಸುಗ ದೇವಾಲಯದ ಪೈನ್ ಮರದಡಿ ದೇವರು ಮುದುಕನ ರೂಪದಲ್ಲಿ ಕಾಣಿಸಿಕೊಂಡು ಕುಣಿದ ಎಂಬ ಐತಿಹ್ಯಕ್ಕೆ ಅದನ್ನು ಜೋಡಿಸುತ್ತಾರೆ. ಹೀಗಿರುವಾಗ ಸಮುದ್ರದಾಚೆಯಿಂದ ಬರುವ ದೇವರು ದಡದಲ್ಲಿ ಮೊದಲು ಕಾಣುವ ಮರದ ಮೇಲೆ ಇಳಿಯದೆ ಇನ್ನೆಲ್ಲಿ ಇಳಿಯಬೇಕು?

ಮೂರನೆಯ ಕಾರಣ ಒಂದು ಶ್ಲೇಷೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ. ಜಪಾನಿ ಭಾಷೆಯಲ್ಲಿ ‘ಮತ್ಸು’ ಎಂದರೆ ಪೈನ್ ಮರ, ‘ಮತ್ಸು’ ಎಂದರೆ ಕಾಯುವುದು. ಸಾವಿರ ವರ್ಷದಿಂದ ಕವಿಗಳು ಈ ಪದವನ್ನು ಎರಡೂ ಅರ್ಥದಲ್ಲಿ ಒಟ್ಟಿಗೇ ಬಳಸುತ್ತ ಬಂದಿದ್ದಾರೆ. ದಡದಲ್ಲಿ ನಿಂತ ಮರ ಎಂದರೆ ಹಡಗಿನಲ್ಲಿ ಹೋದವರಿಗಾಗಿ ಕಾದು ನಿಂತವರು. ಸುಮಾ ಎಂಬ ತೀರದಲ್ಲಿ ಉಪ್ಪುನೀರು ಹೊರುತ್ತಿದ್ದ ಅಕ್ಕತಂಗಿಯರ ನೋಹ್ ನಾಟಕವೊಂದಿದೆ. ರಾಜಧಾನಿಗೆ ಮರಳಿಹೋದ ಪ್ರಿಯನಿಗಾಗಿ ಕಾದು ಸತ್ತವರು ಅವರು, ಸತ್ತ ಮೇಲೂ ಕಾಯುತ್ತಲೇ ಇದ್ದಾರೆ. ಅಕ್ಕನ ಹೆಸರು ಮತ್ಸುಕಾಜೆ, ಪೈನ್ ಮರದ ಗಾಳಿ ಎಂದರ್ಥ. ಅವನು ಬಿಟ್ಟುಹೋದ ಅಂಗಿ ತೊಟ್ಟು, ದಡದ ಪೈನ್ ಮರವನ್ನೇ ಅವನೆಂದುಕೊಂಡು ಅವಳು ಅದರತ್ತ ಓಡುತ್ತಾಳೆ. ತಂಗಿ ತಡೆಯುತ್ತಾಳೆ, ಅದು ಬರೀ ಮರ ಎನ್ನುತ್ತಾಳೆ. ಅಕ್ಕ ಒಪ್ಪುವುದಿಲ್ಲ.

ಈಗ ಗುಡಿಗಳಿಗೆ ಬರೋಣ. ಹಿರೋಷಿಮಾ ಕೊಲ್ಲಿಯ ಇತ್ಸುಕುಶಿಮಾ ದೇವಾಲಯದಲ್ಲಿ ಪೂಜೆಗೊಳ್ಳುವವರು ಸಮುದ್ರದ ಮೂವರು ದೇವಿಯರು. 1168ರಲ್ಲಿ ಸೇನಾನಾಯಕ ತೈರಾ ನೊ ಕಿಯೊಮೊರಿ ಅದನ್ನು ದೊಡ್ಡದಾಗಿ ಕಟ್ಟಿಸಿದ. ನೀರಿನೊಳಗೆ ನಿಂತಿರುವ ಅದರ ಕೆಂಪು ತೋರಣದ್ವಾರ, ಅಂದರೆ ತೊರಿ, ನೀವು ಚಿತ್ರಗಳಲ್ಲಿ ನೋಡಿಯೇ ಇರುತ್ತೀರಿ. ಈಗಿನದು 1875ರದು, ಎತ್ತರ ಸುಮಾರು 16 ಮೀಟರ್. ತಳದಲ್ಲಿ ಹೂತಿಲ್ಲ, ತನ್ನ ಭಾರದಿಂದಲೇ ನಿಂತಿದೆ. ಆ ಮೂವರಲ್ಲಿ ಇಚಿಕಿಶಿಮಾಹಿಮೆ ಎಂಬವಳನ್ನು ಬೌದ್ಧರು ಬೆಂಜೈತೆನ್ ಎಂದು ಗುರುತಿಸಿದರು. ಬೆಂಜೈತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಸುವರ್ಣಪ್ರಭಾಸ ಸೂತ್ರ ಎಂಬ ಬೌದ್ಧ ಗ್ರಂಥದ ಜೊತೆ ಚೀನಾ ದಾಟಿ ಹೋದವಳು. ಅಲ್ಲಿ ಅವಳ ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಬಂತು. ಆದರೆ ಮೂಲತಃ ನದಿಯಾದ ಅವಳನ್ನು ಜಪಾನೀಯರು ಮರೆಯದೆ ನೀರಿನ ಬಳಿಯೇ ಇರಿಸಿದರು: ಇತ್ಸುಕುಶಿಮಾ, ಎನೊಶಿಮಾ, ಬಿವಾ ಸರೋವರದ ಚಿಕುಬುಶಿಮಾ, ಮೂರೂ ದ್ವೀಪಗಳೇ. 1868ರಲ್ಲಿ ಜಪಾನಿನ ಮೇಜಿ ಸರ್ಕಾರ ಷಿಂಟೊ (ಅಲ್ಲಿನ ಮೂಲ ಧರ್ಮ) ಮತ್ತು ಬೌದ್ಧ ಪೂಜೆಗಳನ್ನು ಬೇರ್ಪಡಿಸಲು ಆಜ್ಞೆ ಹೊರಡಿಸಿದ ಮೇಲೆ ಇತ್ಸುಕುಶಿಮಾದ ಬೆಂಜೈತೆನ್ ಪಕ್ಕದ ಬೌದ್ಧ ದೇಗುಲಕ್ಕೆ ಹೋಗಬೇಕಾಯಿತು.

ನಿಮ್ಮ ಪೆಟ್ಟಿಗೆಯ ಮೇಲಿರುವುದು ಮಾತ್ರ ಇತ್ಸುಕುಶಿಮಾ ಅಲ್ಲ. ಕಮಾನು ಸೇತುವೆ, ತೊರಿ, ಪೈನ್, ಅಲೆ ಈ ನಾಲ್ಕು ಕೂಡಿದರೆ ಅದು ಸುಮಿಯೊಶಿ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಸುಮಿಯೊಶಿ ಇರುವುದು ಒಸಾಕಾದಲ್ಲಿ. ನಾವಿಕರನ್ನು ಕಾಯುವ ಮೂವರು ಕಡಲ ದೇವರುಗಳು, ಅವರ ಜೊತೆ ನಾಲ್ಕನೆಯವಳಾಗಿ ಐತಿಹ್ಯದ ರಾಣಿ ಜಿಂಗು. ಹೊಳೆಗೋ ಕಡಲಿಗೋ ಇಳಿಯುವ ಮುನ್ನ ಕೈಮುಗಿಯುವ ಜಾಗ. ಸುಮಿಯೊಶಿ ಕಾವ್ಯದ ದೇವರೂ ಹೌದು, ಹಾಗಾಗಿ ಕವಿಗಳೂ ಬಂದು ಕೈಮುಗಿದರು. ನಾಲ್ಕು ಗರ್ಭಗುಡಿಗಳೂ ಪಡುವಣಕ್ಕೆ, ಅಂದರೆ ಕಡಲಿಗೆ ಮುಖಮಾಡಿವೆ; ಈಗ ಕಾಣುವ ಕಟ್ಟಡಗಳು 1810ರವು. ಒಂದು ಕಾಲದಲ್ಲಿ ಅಲೆಗಳು ಹತ್ತಿರದವರೆಗೂ ಬರುತ್ತಿದ್ದವು. ಮಣ್ಣು ತುಂಬಿ ತುಂಬಿ ಕಡಲನ್ನು ಕಿಲೋಮೀಟರ್‌ಗಟ್ಟಲೆ ಹಿಂದಕ್ಕೆ ತಳ್ಳಿಯಾಗಿದೆ. ಈಗ ಗುಡಿಯ ಮುಂದೆ ಟ್ರಾಮ್ ಓಡುತ್ತದೆ.

ಸುಮಿಯೊಶಿಯ ಪೈನ್ ಮರವೇ ಒಂದು ಪಾತ್ರವೂ ಆಗಿದೆ. ‘ತಕಸಾಗೊ’ ಎಂಬ ನೋಹ್ ನಾಟಕದಲ್ಲಿ ಮರದಡಿ ಕಸ ಗುಡಿಸುವ ಮುದುಕ ಮುದುಕಿ ಬರುತ್ತಾರೆ. ಅವಳು ತಕಸಾಗೊದ ಪೈನ್, ಅವನು ಸುಮಿಯೊಶಿಯ ಪೈನ್. ನಡುವೆ ಸಮುದ್ರವಿದ್ದರೂ ಗಂಡಹೆಂಡಿರು. ಜಪಾನಿನ ಮದುವೆಗಳಲ್ಲಿ ಅದರ ಸಾಲುಗಳನ್ನು ಹಾಡುವ ರೂಢಿಯಿತ್ತು. ಪೊರಕೆ ಹಿಡಿದ ಅಜ್ಜಿ, ಗೋರುಗೋಲು ಹಿಡಿದ ಅಜ್ಜನ ಚಿಕ್ಕ ಬೊಂಬೆಗಳು ಎಲ್ಲಾದರೂ ಕಂಡರೆ ಅವರು ಇವರೇ.

ಕೊನೆಗೆ, ಪೆಟ್ಟಿಗೆಯ ಮೇಲೆ ಮನುಷ್ಯರು ಯಾಕಿಲ್ಲ? ಇದಕ್ಕೆ ಜಪಾನಿ ಕುಶಲಕರ್ಮಿಗಳಲ್ಲಿ ಒಂದು ಹೆಸರೇ ಇದೆ, ‘ರುಸು ಮೊಯೊ’, ಮನೆಯಲ್ಲಿ ಯಾರೂ ಇಲ್ಲದ ವಿನ್ಯಾಸ. ಕಥೆಯ ಜಾಗವನ್ನಷ್ಟೇ ಬರೆದು ಜನರನ್ನು ಬಿಟ್ಟುಬಿಡುತ್ತಾರೆ. ಕಥೆ ಓದಿದವರು ತಾವೇ ತುಂಬಿಕೊಳ್ಳಬೇಕು. ಸುಮಿಯೊಶಿ ಎಂದಾಗ ಓದಿದವರ ಮನಸ್ಸಿಗೆ ಬರುವ ಕಥೆಗಳಲ್ಲಿ ಮುಖ್ಯವಾದದ್ದು ಹನ್ನೊಂದನೇ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಎಂಬ ಲೇಖಕಿ ಬರೆದ ಗೆಂಜಿಯ ಕಥೆಯದು. 1631ರಲ್ಲಿ ಸೊತಾತ್ಸು ಎಂಬ ಕಲಾವಿದ ಅದರ ಸುಮಿಯೊಶಿ ಪ್ರಸಂಗವನ್ನು ಮಡಿಸುವ ಪರದೆಯ ಮೇಲೆ ಚಿನ್ನದ ಹಿನ್ನೆಲೆಯಲ್ಲಿ ಬರೆದ. ಅವನಲ್ಲಿ ಜನರಿದ್ದಾರೆ, ಗಾಡಿಯಿದೆ, ದೂರದಲ್ಲಿ ಒಂದು ದೋಣಿಯಿದೆ.

ಪ್ರಸಂಗ ಇಷ್ಟು. ರಾಜಧಾನಿಯಿಂದ ದೂರವಾಗಿದ್ದ ರಾಜಕುಮಾರ ಗೆಂಜಿ ಸುಮಾದ ಬಿರುಗಾಳಿಯಲ್ಲಿ ಸುಮಿಯೊಶಿಗೆ ಹರಕೆ ಹೊತ್ತಿದ್ದ. ಈಗ ಅಧಿಕಾರಕ್ಕೆ ಮರಳಿ, ಹರಕೆ ತೀರಿಸಲು ಮೆರವಣಿಗೆಯಲ್ಲಿ ಬಂದಿದ್ದಾನೆ. ಅದೇ ದಿನ, ಏನೂ ತಿಳಿಯದೆ, ಅವನ ಮಗಳ ತಾಯಿ ಅಕಾಶಿಯ ಹೆಂಗಸು ತನ್ನ ವಾಡಿಕೆಯ ಪೂಜೆಗೆ ದೋಣಿಯಲ್ಲಿ ಬರುತ್ತಾಳೆ. ದಡ ಸಮೀಪಿಸಿದಾಗ ಅವಳಿಗೆ ಕಾಣುವುದು ಕಡುಹಸಿರು ಪೈನ್ ತೋಪು, ಅದರ ನಡುವೆ ಹೂವನ್ನೂ ಶರತ್ಕಾಲದ ಕೆಂಪೆಲೆಯನ್ನೂ ಚೆಲ್ಲಿದಂತೆ ಆಸ್ಥಾನದವರ ಬಣ್ಣದ ನಿಲುವಂಗಿಗಳು. ಯಾರ ಮೆರವಣಿಗೆ ಎಂದು ಕೇಳಿದರೆ ಸೇವಕರು ನಗುತ್ತಾರೆ, ಇದೂ ಗೊತ್ತಿಲ್ಲದವರಿದ್ದಾರೆಯೇ ಎಂದು. ಅಷ್ಟು ಜನರ ಎದುರು ತನ್ನ ಸಣ್ಣ ಕಾಣಿಕೆಯನ್ನು ಹಿಡಿದು ಇಳಿಯಲು ಅವಳಿಗೆ ಮನಸ್ಸಾಗುವುದಿಲ್ಲ. ದೋಣಿಯನ್ನು ಹತ್ತಿರದ ನಾನಿವಾ ಕಡೆಗೆ ತಿರುಗಿಸಲು ಹೇಳುತ್ತಾಳೆ.

ನಿಮ್ಮ ಪೆಟ್ಟಿಗೆಯ ಚಿತ್ರವನ್ನು ಇನ್ನೊಮ್ಮೆ ತೆರೆದು ನೋಡಿ. ಸೇತುವೆ, ತೊರಿ, ಪೈನ್ ಮರಗಳು ದಡದಲ್ಲಿವೆ. ನೋಡುವ ನೀವು ಇರುವುದು ನೀರಿನ ಮೇಲೆ, ದೋಣಿ ಇರಬೇಕಾದ ಜಾಗದಲ್ಲಿ.