ನೊಣದ ಲೆಕ್ಕ

ದನ ಸಾಕಿದವರಿಗೆ ಇದು ಗೊತ್ತು. ಎತ್ತಿನ ಕೋಡಿನ ಬುಡದಲ್ಲೋ ಗೊರಸಿನ ಸಂದಿಯಲ್ಲೋ ಸಣ್ಣ ಗಾಯವಾಗಿ, ಯಾರೂ ಗಮನಿಸದೆ ಬಿಟ್ಟರೆ ಹುಳ ಬೀಳುತ್ತದೆ. ಸೀತಾಫಲದ ಎಲೆ ಅರೆದು ಹಚ್ಚುವುದು ನಮ್ಮ ಕಡೆಯ ಹಳೇ ಮದ್ದು.

ಅಮೆರಿಕ ಖಂಡದಲ್ಲಿ ಸ್ಕ್ರೂವರ್ಮ್ ಅನ್ನುವ ಒಂದು ನೊಣ ಇದೆ. ಸಾಮಾನ್ಯ ನೊಣದ ಮರಿಹುಳ ಕೊಳೆತದ್ದನ್ನು ತಿನ್ನುತ್ತದೆ. ಇದರ ಮರಿಗೆ ಜೀವಂತ ಮಾಂಸವೇ ಬೇಕು. ಸ್ಕ್ರೂ ತಿರುಗಿಸಿದ ಹಾಗೆ ಕೊರೆಯುತ್ತಾ ಒಳಗೆ ಹೋಗುತ್ತದೆ. ಆರೈಕೆ ಸಿಗದಿದ್ದರೆ ಆಳೆತ್ತರದ ಹೋರಿಯೂ ಸಾಯುತ್ತದೆ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಟೆಕ್ಸಾಸಿನ ದನಗಾಹಿಗಳಿಗೆ ದಿನಾ ಕುದುರೆ ಹತ್ತಿ ದನಗಳ ಗಾಯ ಹುಡುಕುವುದೇ ಒಂದು ಕೆಲಸವಾಗಿತ್ತು.

ಎಡ್ವರ್ಡ್ ನಿಪ್ಲಿಂಗ್ ಅನ್ನುವ ಸರ್ಕಾರಿ ಕೀಟವಿಜ್ಞಾನಿ 1930ರ ದಶಕದಲ್ಲಿ ಈ ನೊಣದ ದಾಂಪತ್ಯವನ್ನು ಗಮನಿಸುತ್ತಾ ಕೂತರು. ಹೆಣ್ಣು ನೊಣ ಬದುಕಿಡೀ ಒಂದೇ ಸಲ ಕೂಡುತ್ತದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಹಾಗಿದ್ದರೆ ಆ ಒಂದು ಸಲ ಸಿಗುವ ಗಂಡು ಬರಡಾಗಿದ್ದರೆ? ಮೊಟ್ಟೆಯೆಲ್ಲ ವ್ಯರ್ಥ, ಅಲ್ವಾ? ಅವರ ಜೊತೆಗಾರ ರೇಮಂಡ್ ಬುಷ್‌ಲ್ಯಾಂಡ್ ಪ್ರಯೋಗಾಲಯದಲ್ಲಿ ರುಬ್ಬಿದ ಮಾಂಸ ಹಾಕಿ ಈ ನೊಣಗಳನ್ನು ಸಾಕುವ ದಾರಿ ಕಂಡುಕೊಂಡರು. ಎಕ್ಸ್-ರೇ ಬಿಟ್ಟರೆ ಹಣ್ಣುನೊಣಗಳ ಸಂತಾನ ಕೆಡುತ್ತದೆ ಎಂದು ಹರ್ಮನ್ ಮುಲ್ಲರ್ 1920ರ ದಶಕದಲ್ಲೇ ತೋರಿಸಿದ್ದರು. ಅದಕ್ಕೂ ದನಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಸುಮಾರು ಮೂವತ್ತು ವರ್ಷ ಬಿಟ್ಟು, 1954ರಲ್ಲಿ, ಕ್ಯೂರಸಾವೊ ಎಂಬ ಪುಟ್ಟ ದ್ವೀಪದ ಮೇಲೆ ವಿಮಾನದಿಂದ ವಿಕಿರಣ ಹಾಯಿಸಿ ಬರಡು ಮಾಡಿದ ನೊಣಗಳನ್ನು ಸುರಿದರು. ಕೆಲವೇ ತಿಂಗಳಲ್ಲಿ ದ್ವೀಪ ಸ್ವಚ್ಛ.

ಆಮೇಲೆ ಫ್ಲಾರಿಡಾ, ಟೆಕ್ಸಾಸ್, ಮೆಕ್ಸಿಕೊ. ಒಂದೊಂದೇ ದೇಶ ದಾಟುತ್ತಾ ನೊಣವನ್ನು ದಕ್ಷಿಣಕ್ಕೆ ಅಟ್ಟಿದರು. 2006ರ ಹೊತ್ತಿಗೆ ಪನಾಮವೇ ಗಡಿ. ಅಲ್ಲಿ ಅಮೆರಿಕ ಮತ್ತು ಪನಾಮ ಸೇರಿ ನಡೆಸುವ ಕಾರ್ಖಾನೆ ವಾರಕ್ಕೆ ಸುಮಾರು 10 ಕೋಟಿ ಬರಡು ನೊಣ ತಯಾರಿಸಬಲ್ಲದು. ಕಾಡಿನ ಮೇಲೆ ಹಾರುವ ವಿಮಾನಗಳು ಅವನ್ನು ಸುರಿಯುತ್ತಿದ್ದವು. ಕಣ್ಣಿಗೆ ಕಾಣದ ಬೇಲಿ.

ಟೆಕ್ಸಾಸಿನ ದನ ಉಳಿಸಲು ಪನಾಮದ ಕಾಡಿನಲ್ಲಿ ದುಡ್ಡು ಸುರಿಯುವುದು ಸುಮ್ನೆ ನೋಡಿದರೆ ದಾನದಂತೆ ಕಾಣುತ್ತದೆ. ಬಜೆಟ್ ಪುಸ್ತಕದಲ್ಲಿ ಇದು ಖರ್ಚು. ಲಾಭದ ಕಾಲಂ ಖಾಲಿ. ಬಾರದೇ ಹೋದ ರೋಗಕ್ಕೆ ಯಾರೂ ರಸೀದಿ ಕೊಡುವುದಿಲ್ಲವಲ್ಲ.

2023ರಲ್ಲಿ ಬೇಲಿ ಮುರಿಯಿತು. ಪನಾಮದಲ್ಲಿ ವರ್ಷಕ್ಕೆ ಹತ್ತಿಪ್ಪತ್ತರ ಲೆಕ್ಕದಲ್ಲಿದ್ದ ಪ್ರಕರಣಗಳು ಸಾವಿರಗಳಿಗೆ ಏರಿದವು. ನೊಣ ಉತ್ತರಕ್ಕೆ ಹೊರಟು 2024ರ ನವೆಂಬರ್‌ನಲ್ಲಿ ಮೆಕ್ಸಿಕೊ ಮುಟ್ಟಿತು. 2025ರಲ್ಲಿ ಅಮೆರಿಕ ವಿದೇಶಿ ನೆರವು, ಸಂಶೋಧನೆಗಳ ಹಣಕ್ಕೆ ಮಾಡಿದ ಕಡಿತಗಳಿಂದಲೇ ಇದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ, ಶುರುವಾದದ್ದು ಅದಕ್ಕೂ ಮೊದಲೇ. ಆದರೆ ಆಮೇಲಿನ ಕಥೆ ನೋಡಿ. ಅಮೆರಿಕ 2025ರ ಮೇನಲ್ಲಿ ಮೆಕ್ಸಿಕೊದ ದನಗಳಿಗೆ ಗಡಿ ಮುಚ್ಚಿತು. ಜುಲೈನಲ್ಲಿ ತುಸು ತೆರೆದು, ಎರಡೇ ದಿನಕ್ಕೆ ಮತ್ತೆ ಮುಚ್ಚಿತು. ಮಾಮೂಲಿ ವರ್ಷದಲ್ಲಿ ಆ ಗಡಿ ದಾಟಿ ಬರುವ ದನಗಳು ಹತ್ತು ಲಕ್ಷಕ್ಕೂ ಜಾಸ್ತಿ. ಬರಗಾಲ, ದುಬಾರಿ ಮೇವುಗಳಿಂದ ಅಮೆರಿಕದ ದನಗಳ ಸಂಖ್ಯೆ ಆಗಲೇ 1951ರಿಂದೀಚೆಗೆ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಬೀಫ್ ಬೆಲೆ ದಾಖಲೆ ಮುಟ್ಟಿತು. ಸರಿಯಾಗಿ ಅದೇ ಹೊತ್ತಿಗೆ, ಆಗಸ್ಟ್‌ನಲ್ಲಿ, ಅಮೆರಿಕಕ್ಕೆ ಬೀಫ್ ಮಾರುವ ದೊಡ್ಡ ದೇಶಗಳಲ್ಲೊಂದಾದ ಬ್ರೆಜಿಲ್ ಮೇಲೆ ಶೇಕಡಾ 50ರ ಸುಂಕ ಬಿತ್ತು.

ಸುಂಕ ಕಟ್ಟುವವರು ಯಾರು? ಬ್ರೆಜಿಲ್ ಕಟ್ಟುತ್ತದೆ, ಚೀನಾ ಕಟ್ಟುತ್ತದೆ ಅನ್ನುವುದು ಭಾಷಣದ ಮಾತು. ಬಂದರಿನಲ್ಲಿ ಚೆಕ್ ಬರೆಯುವವನು ಸರಕು ತರಿಸಿಕೊಂಡ ಅಮೆರಿಕದ ವ್ಯಾಪಾರಿ. ಹೊರದೇಶದ ಮಾರಾಟಗಾರ ಬೆಲೆ ಇಳಿಸಿದರೆ ಭಾರ ಸ್ವಲ್ಪ ಅವನ ಮೇಲೂ ಬೀಳುತ್ತದೆ, ನಿಜ. ಆದರೆ 2018ರ ಸುಂಕಗಳನ್ನು ಅಳೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಬೇರೆ: ಬಹುಪಾಲು ಭಾರ ಅಮೆರಿಕದೊಳಗೇ ಉಳಿದಿತ್ತು.

ಅದರಲ್ಲಿ ನನಗೆ ತುಂಬ ಇಷ್ಟವಾದ ಕಥೆ ವಾಷಿಂಗ್ ಮೆಷಿನ್‌ನದು. 2018ರ ಜನವರಿಯಲ್ಲಿ ಹೊರಗಿನಿಂದ ಬರುವ ವಾಷಿಂಗ್ ಮೆಷಿನ್‌ಗಳ ಮೇಲೆ ಸುಂಕ ಹಾಕಿದರು. ಬೆಲೆ ಸುಮಾರು ಶೇಕಡಾ 12ರಷ್ಟು, ಅಂದರೆ ಒಂದಕ್ಕೆ 86 ಡಾಲರ್ ಏರಿತು. ಅಮೆರಿಕದಲ್ಲೇ ತಯಾರಾದ ಮೆಷಿನ್‌ಗಳದ್ದೂ ಏರಿತು. ಎದುರಾಳಿ ದುಬಾರಿಯಾದ ಮೇಲೆ ಇವರು ಅಗ್ಗಕ್ಕೆ ಯಾಕೆ ಕೊಡಬೇಕು? ಇಷ್ಟು ಊಹಿಸಬಹುದಿತ್ತು. ಊಹಿಸದ್ದು ಏನೆಂದರೆ, ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ 92 ಡಾಲರ್ ಏರಿತು. ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ! ನಮ್ಮ ಹಾಗೆ ಟೆರೇಸಿನಲ್ಲಿ ಹಗ್ಗ ಕಟ್ಟುವವರು ಅಲ್ಲಿ ಕಡಿಮೆ, ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಅಂಗಡಿಯವನು ಏರಿಕೆಯನ್ನು ಜೋಡಿಗೆ ಹಂಚಿದ, ಅಷ್ಟೇ. ಹೊಸದಾಗಿ ಸುಮಾರು 1,800 ಕೆಲಸಗಳು ಹುಟ್ಟಿದ್ದೂ ಸುಳ್ಳಲ್ಲ. ಆದರೆ ಗ್ರಾಹಕರು ವರ್ಷಕ್ಕೆ 150 ಕೋಟಿ ಡಾಲರ್ ಹೆಚ್ಚು ತೆತ್ತರು. ಸಂಶೋಧಕರು ಭಾಗಿಸಿ ನೋಡಿದರೆ, ಒಂದೊಂದು ಕೆಲಸಕ್ಕೆ 8 ಲಕ್ಷ ಡಾಲರಿಗೂ ಜಾಸ್ತಿ. ಕೆಲಸ ಸಿಕ್ಕಿದವನ ಕೈಗೆ ಅಷ್ಟು ಸಂಬಳ ಬಂದಿರಲಿಕ್ಕಿಲ್ಲ.

ಸುಂಕಕ್ಕೆ ಸುಂಕ ಉತ್ತರವಾಗಿ ಬರುತ್ತದೆ. ಅದೇ 2018ರಲ್ಲಿ ಚೀನಾ ಅಮೆರಿಕದ ಸೋಯಾಬೀನ್ ಮೇಲೆ ಶೇಕಡಾ 25 ಹಾಕಿ, ಬ್ರೆಜಿಲ್ ಕಡೆ ತಿರುಗಿತು. ಅಮೆರಿಕ ಸರ್ಕಾರ ತನ್ನ ರೈತರಿಗೆ ಸಾವಿರಾರು ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಒಮ್ಮೆ ಬೇರೆ ಅಂಗಡಿಯ ರುಚಿ ಹತ್ತಿದ ಗಿರಾಕಿ ಪೂರ್ತಿ ವಾಪಸ್ ಬರುವುದು ಕಷ್ಟ. 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕುಗಳಿಗೂ ಶೇಕಡಾ 50ರ ಸುಂಕ ಬಿದ್ದಾಗ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಎದೆ ಯಾಕೆ ನಡುಗಿತು ಅನ್ನುವುದಕ್ಕೆ ಇದೇ ಕಾರಣ.

ನವೆಂಬರ್‌ನಲ್ಲಿ ಅಮೆರಿಕವೇ ಒಂದು ಹೆಜ್ಜೆ ಹಿಂದಿಟ್ಟಿತು. ಬೀಫ್, ಕಾಫಿ, ಬಾಳೆಹಣ್ಣುಗಳ ಮೇಲೆ ಆ ವರ್ಷ ಹೊಸದಾಗಿ ಹಾಕಿದ್ದ ಸುಂಕ ಕೈಬಿಟ್ಟಿತು. ಕಾಫಿಯದ್ದಂತೂ ಮೊದಲಿಂದಲೂ ವಿಚಿತ್ರ. ಹವಾಯಿ, ಪೋರ್ಟೊ ರಿಕೊಗಳ ಒಂದಿಷ್ಟು ತೋಟ ಬಿಟ್ಟರೆ ಚಿಕ್ಕಮಗಳೂರಿನಂಥ ಸೀಮೆ ಅಲ್ಲಿಲ್ಲ. ಇಲ್ಲದ ಬೆಳೆಗಾರನನ್ನು ಕಾಪಾಡಲು ಕುಡಿಯುವವನಿಗೆ ತೆರಿಗೆ!

ಇನ್ನು ವಿದೇಶಿ ನೆರವು. ನಮ್ಮಲ್ಲಿ ಐವತ್ತು ದಾಟಿದ ಅನೇಕರಿಗೆ ಶಾಲೆಯಲ್ಲಿ ತಿಂದ ಕೇರ್ ಉಪ್ಪಿಟ್ಟು ನೆನಪಿರುತ್ತದೆ. ಅಮೆರಿಕದ ಕಾಳು, ಅಮೆರಿಕದ ಹಾಲಿನ ಪುಡಿ. ಅದು ಬರೀ ಕರುಣೆಯಿಂದ ಬಂದದ್ದಲ್ಲ. 1954ರಲ್ಲಿ ಅಮೆರಿಕ ಪಿಎಲ್-480 ಕಾನೂನು ಮಾಡಿದ್ದೇ ತನ್ನ ಗೋದಾಮುಗಳಲ್ಲಿ ಮಿಕ್ಕಿದ ಧಾನ್ಯಕ್ಕೆ ದಾರಿ ಹುಡುಕಲು. (ಆ ಗೋಧಿಯ ಜೊತೆಗೇ ಕಾಂಗ್ರೆಸ್ ಗಿಡವೂ ಬಂತು ಅನ್ನುವವರಿದ್ದಾರೆ. ಅದು ಬೇರೆ ಜಗಳ.) ಕೊಡುವವನ ರೈತನಿಗೂ ಇದರಲ್ಲಿ ಪಾಲಿತ್ತು, ಈಚಿನವರೆಗೂ ಇತ್ತು.

ಉದಾಹರಣೆಗೆ, ತೀರಾ ಸೊರಗಿದ ಮಕ್ಕಳಿಗೆ ಕೊಡುವ ಶೇಂಗಾ ಪೇಸ್ಟ್. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್. ನೀರು ಬೇಡ, ಫ್ರಿಜ್ ಬೇಡ, ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ಅಮೆರಿಕದಲ್ಲಿ ಇದನ್ನು ಜಾರ್ಜಿಯಾ ಮತ್ತು ರೋಡ್ ಐಲೆಂಡ್‌ನ ಕಾರ್ಖಾನೆಗಳು ತಯಾರಿಸುತ್ತವೆ. 1961ರಲ್ಲಿ ಶುರುವಾದ ನೆರವಿನ ಸಂಸ್ಥೆ ಯುಎಸ್ಏಡ್ ಅನ್ನು 2025ರಲ್ಲಿ ಮುಚ್ಚಿ, ಶೇಕಡಾ 80ಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ರದ್ದು ಮಾಡಿದಾಗ ಈ ಪೊಟ್ಟಣದ ಪೆಟ್ಟಿಗೆಗಳು ಗೋದಾಮಿನಲ್ಲೇ ರಾಶಿ ಬಿದ್ದವು. ಇದರಿಂದ ಉಳಿತಾಯವಾದದ್ದೆಷ್ಟು? ಕಡಿತಕ್ಕೆ ಮೊದಲೂ ವಿದೇಶಿ ನೆರವು ಅಮೆರಿಕ ಸರ್ಕಾರದ ಒಟ್ಟು ಖರ್ಚಿನಲ್ಲಿ ಸುಮಾರು ಶೇಕಡಾ 1 ಮಾತ್ರ ಇತ್ತು. ಕಡಿತ ಹೀಗೇ ಮುಂದುವರಿದರೆ 2030ರೊಳಗೆ 1.4 ಕೋಟಿ ಹೆಚ್ಚುವರಿ ಸಾವು ಆಗಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದಾಜು ಅಂದಾಜೇ. ಅದರ ಕಾಲುಭಾಗ ನಿಜವಾದರೂ ಅದನ್ನು ಉಳಿತಾಯ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸಂಶೋಧನೆಯ ಕಡಿತ ಇನ್ನೂ ಸದ್ದಿಲ್ಲದ್ದು. 2025ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್ಐಎಚ್, ತಾನು ಹಣ ಕೊಡುವ ವಿಶ್ವವಿದ್ಯಾಲಯಗಳಿಗೆ ಮೇಲ್ಖರ್ಚಿನ ಮಿತಿಯನ್ನು ಶೇಕಡಾ 15ಕ್ಕೆ ಇಳಿಸುತ್ತೇವೆ ಎಂದಿತು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದು ಶೇಕಡಾ 50ರ ಆಸುಪಾಸು ಇತ್ತು. ಮೇಲ್ಖರ್ಚು ಎಂದರೆ ದುಂದು ಅಂತ ಅನ್ನಿಸುತ್ತದೆ. ಆದರೆ ಪ್ರಯೋಗಾಲಯದ ಕರೆಂಟು, ಇಲಿ ಸಾಕುವ ಮನೆ, ವಿಷದ ಕಸ ವಿಲೇವಾರಿ, ಲೆಕ್ಕ ಬರೆಯುವವನ ಸಂಬಳ ಎಲ್ಲವೂ ಅದರಲ್ಲೇ. ಒಲೆ ಕೊಟ್ಟು ಗ್ಯಾಸ್ ನಿಲ್ಲಿಸಿದ ಹಾಗೆ. ಕೋರ್ಟು ಇದನ್ನು ತಡೆಯಿತು. ಆದರೆ ಆ ಗೊಂದಲದಲ್ಲಿ ಹಲವು ವಿಶ್ವವಿದ್ಯಾಲಯಗಳು ಹೊಸ ಪಿಎಚ್‌ಡಿ ಸೀಟುಗಳನ್ನೇ ಕಡಿಮೆ ಮಾಡಿದವು.

ಎನ್ಐಎಚ್ ಕೊಡುವ ಒಂದೊಂದು ಡಾಲರಿನಿಂದ ಎರಡೂವರೆ ಡಾಲರಿನಷ್ಟು ವಹಿವಾಟು ನಡೆಯುತ್ತದೆ ಅನ್ನುವ ಲೆಕ್ಕ ಒಂದಿದೆ. ಸಂಶೋಧನೆಯ ಪರ ವಾದಿಸುವ ಗುಂಪಿನದೇ ಲೆಕ್ಕ ಅದು, ಪೂರ್ತಿ ನಂಬಬೇಕಿಲ್ಲ. ನನ್ನ ತಕರಾರು ಬೇರೆ. ಸಂಬಳ, ಬಾಡಿಗೆ, ಸಲಕರಣೆಗಳ ವಹಿವಾಟು ಅದರಲ್ಲಿ ಬರುತ್ತದೆ. ನೊಣ ಎಷ್ಟು ಸಲ ಕೂಡುತ್ತದೆ ಎಂದು ನೋಡುತ್ತಾ ಕೂತವನ ಮಧ್ಯಾಹ್ನ ಯಾವ ಕಾಲಮ್ಮಿನಲ್ಲಿ ಬರಬೇಕು?

ನೊಣದ ಕಥೆಗೆ ಇನ್ನೊಂದು ಸಾಲು ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಟೆಕ್ಸಾಸಿನಲ್ಲಿ 75 ಕೋಟಿ ಡಾಲರ್ ಖರ್ಚು ಮಾಡಿ ಬರಡು ನೊಣದ ಹೊಸ ಕಾರ್ಖಾನೆ ಕಟ್ಟುವುದಾಗಿ ಹೇಳಿತು. ಆರಿಸಿದ ಜಾಗ ಮೂರ್ ಎಂಬ ಹಳೇ ವಾಯುನೆಲೆ. 1962ರಲ್ಲಿ ಶುರುವಾಗಿ, ಆಮೇಲೆ ಮುಚ್ಚಿದ ಹಿಂದಿನ ನೊಣದ ಕಾರ್ಖಾನೆ ಇದ್ದದ್ದೂ ಅಲ್ಲೇ.